ತೋಟದ ಡೀಸೆಲ್ ಎಂಜಿನ್ನನ್ನು ನಾವೇ ಸರ್ವಿಸ್ ಮಾಡಲು ಕಲಿಯುವುದು ಹೇಗೆ?

ಸಿದ್ದಾಪುರದ ಕಡೆ ಕಾಫಿ ತೋಟವಿದೆ, ಕೆರೆಯ ದಡದಲ್ಲಿ ಹಳೆಯ ಒಂದು ಸಿಲಿಂಡರಿನ ಡೀಸೆಲ್ ಪಂಪ್‌ಸೆಟ್ ಇದೆ, ಕಳೆದ ವರ್ಷ ಮೆಕ್ಯಾನಿಕ್ ಸಿಗದೆ ಹೂವಿನ ನೀರು (ಕಾಫಿ ಹೂ ಅರಳಲು ಹಾಯಿಸುವ ನೀರು) ತಡವಾಯಿತು, ಓದಿದ್ದು ಬಿ.ಕಾಂ. ಆದರೂ ಈ ಕೆಲಸ ಕಲಿಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಕಲಿಯಬಹುದು. ನಾನೂ ಮೆಕ್ಯಾನಿಕ್ ಅಲ್ಲ. ಗೋಣಿಕೊಪ್ಪಲಿನ ಹತ್ತಿರ ರೊಬಸ್ಟಾ ಬೆಳೆಯುವವನು. ಗೊತ್ತಿರುವುದರಲ್ಲಿ ಅರ್ಧವನ್ನು ಕೆಡಿಸಿಯೇ ಕಲಿತಿದ್ದೇನೆ.

ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು, ಈ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ ಎಂಬುದು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಆ ಬಿಸಿಯೇ ಇಲ್ಲಿ ಬೆಂಕಿಕಡ್ಡಿಯ ಕೆಲಸ ಮಾಡುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಒಳಗೆ ಬರುವುದು ಬರೀ ಗಾಳಿ. ಪಿಸ್ಟನ್ ಮೇಲೇರುತ್ತ ಆ ಗಾಳಿಯನ್ನು ಸುಮಾರು ಹದಿನೇಳರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮಿದಾಗ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿಸ್ಟನ್ ತುದಿ ಮುಟ್ಟುವ ತುಸು ಮೊದಲು ನಾಝಲ್ ಮಂಜಿನಂತೆ ಸಿಂಪಡಿಸುವ ಡೀಸೆಲ್ ಆ ಬಿಸಿಗೆ ತಾನಾಗಿ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಮತ್ತೊಮ್ಮೆ ಪಿಸ್ಟನ್ ಮೇಲೇರುವಾಗ ಹೊಗೆ ಹೊರಗೆ ಹೋಗುತ್ತದೆ. ಇಷ್ಟಕ್ಕೆ ಎಂಜಿನ್ನಿನ ಪಕ್ಕದ ಭಾರದ ಚಕ್ರ, ಅಂದರೆ ಫ್ಲೈವೀಲ್, ಎರಡು ಸುತ್ತು ತಿರುಗಿರುತ್ತದೆ. ಅಂದರೆ 1500 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1500 ಸುತ್ತು) ಓಡುವ ಎಂಜಿನ್ನಿನೊಳಗೆ ನಿಮಿಷಕ್ಕೆ 750 ಸಲ ಡೀಸೆಲ್ ಹೊತ್ತಿಕೊಳ್ಳುತ್ತದೆ.

ಸ್ಟಾರ್ಟ್ ಮಾಡುವಾಗ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸುವುದು ಏಕೆಂದು ಇದರಿಂದ ತಿಳಿಯುತ್ತದೆ. ಲಿವರ್ ವಾಲ್ವನ್ನು ತೆರೆದು ಹಿಡಿದಿರುವುದರಿಂದ ಗಾಳಿಯ ತಡೆಯಿಲ್ಲದೆ ಫ್ಲೈವೀಲಿಗೆ ವೇಗ ಬರುತ್ತದೆ. ನಿಧಾನವಾಗಿ ತಿರುಗಿಸಿದರೆ ಬಿಸಿ ಸಿಲಿಂಡರಿನ ಗೋಡೆಗೆ ಹೀರಿಹೋಗಿ, ಗಾಳಿ ಪಿಸ್ಟನ್ನಿನ ಸುತ್ತಲಿನ ರಿಂಗುಗಳ ಪಕ್ಕದಲ್ಲಿ ಸೋರಿ, ಡೀಸೆಲ್ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಎಂಜಿನ್ ಹಟ ಹಿಡಿದಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ: ಗಾಳಿ ಬರುತ್ತಿದೆಯೇ, ಬಂದ ಗಾಳಿ ಸೋರದೆ ಅದುಮುತ್ತಿದೆಯೇ, ಡೀಸೆಲ್ ಸರಿಯಾದ ಹೊತ್ತಿಗೆ ಮಂಜಾಗಿ ಬೀಳುತ್ತಿದೆಯೇ.

ಈ ಪ್ರಶ್ನೆಗಳನ್ನು ಕೇಳಿಕೊಳ್ಳದೆ ಸ್ಪ್ಯಾನರ್ ಹಿಡಿದದ್ದಕ್ಕೆ ನಾನು ದಂಡ ತೆತ್ತಿದ್ದೇನೆ. ಒಂದು ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಪೈಪುಗಳನ್ನೆಲ್ಲ ಜೋಡಿಸಿ ಎಂಜಿನ್ ಹಾಕಿದರೆ ಕಾಲು ಗಂಟೆ ಓಡಿ, ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ಇದೆಯೇ ಎಂದು ನೋಡಿ ಮತ್ತೆ ಹಾಕಿದರೆ ಮತ್ತೆ ಕಾಲು ಗಂಟೆ. ನಾಝಲ್ ಹೋಗಿದೆ ಎಂದು ನಾನೇ ತೀರ್ಮಾನಿಸಿ, ಬಿಚ್ಚಿ ಪೇಟೆಗೆ ಒಯ್ದೆ. ಟೆಸ್ಟರಿನಲ್ಲಿ ಸ್ಪ್ರೇ ಚೆನ್ನಾಗಿಯೇ ಇತ್ತು. ಮರಳಿ ಕೂರಿಸುವಾಗ ಹಳೆಯ ತಾಮ್ರದ ವಾಷರನ್ನೇ ಹಾಕಿದ್ದರಿಂದ ಅಲ್ಲಿಂದ ಹೊಗೆ ಸೋರತೊಡಗಿ, ಇಲ್ಲದಿದ್ದ ತೊಂದರೆಯೊಂದು ಹೊಸದಾಗಿ ಸೇರಿತು. ಎರಡು ದಿನದ ಮೇಲೆ ಪಕ್ಕದ ತೋಟದ ಹಿರಿಯ ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಬಂದು, ಎಂಜಿನ್ ಕುಗ್ಗುತ್ತಿದ್ದಾಗಲೇ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದರು. ಬುಸ್ಸೆಂದು ಗಾಳಿ ಒಳಗೆ ಹೋಯಿತು, ಎಂಜಿನ್ ಚೇತರಿಸಿಕೊಂಡಿತು. ಮಳೆಗಾಲದಲ್ಲಿ ನೀರು ಇಳಿಯದಿರಲೆಂದು ಮುಚ್ಚಳದ ಸಣ್ಣ ತೂತಿಗೆ ಗ್ರೀಸ್ ಮೆತ್ತಿದವನು ನಾನೇ! ಡೀಸೆಲ್ ಇಳಿದಷ್ಟೂ ಗಾಳಿ ಒಳಗೆ ಬಾರದೆ ಟ್ಯಾಂಕ್ ಡೀಸೆಲನ್ನು ಹಿಡಿದಿಟ್ಟುಕೊಳ್ಳುತ್ತಿತ್ತು.

ನಮ್ಮ ಎಂಜಿನ್ನುಗಳು ಓಡಿ ಕೆಡುವುದಕ್ಕಿಂತ ಸುಮ್ಮನೆ ನಿಂತು ಕೆಡುವುದೇ ಹೆಚ್ಚು ಎಂಬುದು ನನ್ನ ಅನುಭವ. ವರ್ಷದಲ್ಲಿ ಕೆಲವೇ ವಾರ ದುಡಿದು, ಕೊಡಗಿನ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಲ್ಲುವ ಯಂತ್ರವಿದು. ಹಾಗಾಗಿ ನೀರು ಕೊಟ್ಟು ಮುಗಿದ ಕೂಡಲೇ, ಎಂಜಿನ್ ಬಿಸಿಯಿರುವಾಗಲೇ ಹಳೆಯ ಆಯಿಲ್ ಇಳಿಸಿ ಹೊಸದನ್ನು ತುಂಬಿಸಿ; ಓಡಿದ ಆಯಿಲಿನಲ್ಲಿ ಸೇರಿರುವ ಹುಳಿ ಮತ್ತು ತೇವ ಬೇರಿಂಗುಗಳನ್ನು ತಿನ್ನುತ್ತವೆ. ಟ್ಯಾಂಕನ್ನು ಭರ್ತಿ ಇಡಿ, ಖಾಲಿ ಜಾಗವಿದ್ದರೆ ಅದರ ಗೋಡೆಯಲ್ಲಿ ತೇವ ಹನಿಗಟ್ಟುತ್ತದೆ. ಹೊಗೆ ಕೊಳವೆಗೆ ಡಬ್ಬಿ ಮುಚ್ಚದಿದ್ದರೆ ಮಳೆನೀರು ತೆರೆದ ವಾಲ್ವಿನ ಮೂಲಕ ಇಳಿದು ರಿಂಗುಗಳು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಳ್ಳುತ್ತವೆ. ಕಣಜಗಳು ಅಲ್ಲೇ ಮಣ್ಣಿನ ಗೂಡು ಕಟ್ಟುವುದೂ ಉಂಟು. ಡೀಸೆಲ್ ಡ್ರಮ್ಮನ್ನು ಹೊರಗೆ ನೆಟ್ಟಗೆ ನಿಲ್ಲಿಸಬೇಡಿ: ಮೇಲೆ ನಿಂತ ಮಳೆನೀರನ್ನು ಅದು ರಾತ್ರಿ ತಣ್ಣಗಾಗುವಾಗ ಬಿರಡೆಯ ಸಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ.

ಮತ್ತೆ ಸ್ಟಾರ್ಟ್ ಮಾಡುವ ಮೊದಲು ಲಿವರ್ ಎತ್ತಿ ನಾಲ್ಕಾರು ಸುತ್ತು ಕೈಯಲ್ಲೇ ನಿಧಾನವಾಗಿ ತಿರುಗಿಸಿ ನೋಡಿ. ನೀರು ಗಾಳಿಯಂತೆ ಕುಗ್ಗುವುದಿಲ್ಲ; ಸಿಲಿಂಡರಿನಲ್ಲಿ ನೀರಿದ್ದು ಎಂಜಿನ್ ಹಾಕಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ನೀವೇ ಮಾಡಬಹುದಾದ ಕೆಲಸಗಳಲ್ಲಿ ಮೊದಲು ಕಲಿಯಬೇಕಾದದ್ದು ಏರ್ ತೆಗೆಯುವುದು, ಅಂದರೆ ಡೀಸೆಲ್ ಹರಿಯುವ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡುವುದು. ಫಿಲ್ಟರ್ ಬದಲಾಯಿಸಿದಾಗ ಅಥವಾ ಟ್ಯಾಂಕ್ ಬರಿದಾದಾಗ ಫಿಲ್ಟರಿನ ಸ್ಕ್ರೂ, ಆಮೇಲೆ ನಾಝಲಿಗೆ ಡೀಸೆಲ್ ತಳ್ಳುವ ಪಂಪಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾದು ಬಿಗಿಯಬೇಕು. ಆಯಿಲ್, ಡೀಸೆಲ್ ಫಿಲ್ಟರ್, ಏರ್ ಕ್ಲೀನರುಗಳನ್ನು ನೋಡಿಕೊಳ್ಳುವುದು ಕಷ್ಟವಲ್ಲ. ಆದರೆ ಆಯಿಲ್ ತುಂಬುವ ಏರ್ ಕ್ಲೀನರಿನಲ್ಲಿ ಗುರುತಿಗಿಂತ ಹೆಚ್ಚು ಹಾಕಿದರೆ ಎಂಜಿನ್ ಆ ಆಯಿಲನ್ನೇ ಎಳೆದು ಉರಿಸಿ, ಡೀಸೆಲ್ ನಿಲ್ಲಿಸಿದರೂ ನಿಲ್ಲದೆ ಓಡಬಹುದು. ಟ್ಯಾಪೆಟ್ ಸಂದನ್ನು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಅಂತರ) ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳುತಗಡುಗಳು), ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿರುವ ಅಳತೆಗೇ ಇಡಿ. ಹೊಗೆ ಕಪ್ಪಾದರೆ ಗಾಳಿ ಸಾಲದು ಇಲ್ಲವೇ ಹೊರೆ ಹೆಚ್ಚು, ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಚಳಿಯ ಮುಂಜಾನೆ ತುಸು ಹೊತ್ತು ಬಿಳಿ ಹೊಗೆ ಬಂದರೆ ಗಾಬರಿಯಾಗಬೇಡಿ.

ನಾಝಲಿಗೆ ಡೀಸೆಲ್ ತಳ್ಳುವ ಈ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಓಡಿಸಿದ ಎಂಜಿನ್ನಿನಲ್ಲಿ ಇಂಥ ಪಂಪ್ ಇಲ್ಲದೆ, ಇಂಧನವನ್ನು ಒಳಕ್ಕೆ ಊದಲು ಅದುಮಿದ ಗಾಳಿಯೇ ಬೇಕಿತ್ತು. ಬಾಷ್ ಕಂಪನಿ ಇಂಥ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ಮೂವತ್ತು ವರ್ಷ ಹಿಡಿಯುವಷ್ಟು ಸೂಕ್ಷ್ಮದ ಕೆಲಸವದು. ಅದರ ಪ್ಲಂಜರಿಗೂ (ಒಳಗೆ ಮೇಲೆ ಕೆಳಗೆ ಓಡುವ ಸಣ್ಣ ದಂಡ) ಅದು ಓಡುವ ಕೊಳವೆಯಾದ ಬ್ಯಾರೆಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಚಿಂದಿಬಟ್ಟೆಯ ಒಂದು ಎಳೆ ಸಾಕು ಅದನ್ನು ಕೆಡಿಸಲು. ನಾಝಲ್ ಸಿಂಪಡಿಸುವಾಗ ಎದುರಿಗೆ ಕೈಯನ್ನೂ ಹಿಡಿಯಬೇಡಿ: ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗಿಳಿಯುತ್ತದೆ, ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕ್ರಮವಾಗಿ ಕಲಿಯುವ ಆಸೆಯಿದ್ದರೆ ಐಟಿಐಗಳಲ್ಲಿ ಮೆಕ್ಯಾನಿಕ್ ಡೀಸೆಲ್ ಎಂಬ ಒಂದು ವರ್ಷದ ತರಬೇತಿಯಿದೆ. ತೋಟ ಬಿಟ್ಟು ಹೋಗಲಾಗದಿದ್ದರೆ ಗುಜರಿಯಿಂದ ಸತ್ತ ಎಂಜಿನ್ನೊಂದನ್ನು ತಂದು, ಪ್ರತಿ ಹಂತಕ್ಕೂ ಫೋಟೋ ತೆಗೆಯುತ್ತ ಬಿಚ್ಚಿ, ಮತ್ತೆ ಜೋಡಿಸಿ. ನಿಮ್ಮ ಮೆಕ್ಯಾನಿಕ್ ಬಂದಾಗ ಮನೆಯೊಳಗೆ ಕೂರದೆ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ಲಿ. ಈ ವಾರಕ್ಕೆ ಇಷ್ಟು ಮಾಡಿ ನೋಡಿ: ಟ್ಯಾಂಕಿನ ತಳದ ಡೀಸೆಲನ್ನು ಗಾಜಿನ ಬಾಟಲಿಗೆ ಇಳಿಸಿ ಒಂದು ರಾತ್ರಿ ಬಿಡಿ. ಅಡಿಯಲ್ಲಿ ನೀರಿನ ಗೆರೆ ಕಂಡರೆ ಮುಂದಿನ ಫೆಬ್ರವರಿಗೆ ಮೊದಲು ಟ್ಯಾಂಕನ್ನೂ ಡ್ರಮ್ಮನ್ನೂ ತೊಳೆಯುವ ಕೆಲಸವಿದೆ ಎಂದೇ ಅರ್ಥ.