ಆಲ್ಕಲೈನ್ ನೀರು ಕುಡಿದರೆ ರಕ್ತದ ಆಮ್ಲ ಕಡಿಮೆ ಆಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ಅಮ್ಮನಿಗೆ 58 ವರ್ಷ, ಶುಗರ್ ಇದೆ. ಮನೆಗೆ ಬಂದವರೊಬ್ಬರು ಆಲ್ಕಲೈನ್ ನೀರಿನ ಮೆಷಿನ್ ತೋರಿಸಿ, ರಕ್ತದ ಆಮ್ಲ ಇಳಿಯುತ್ತದೆ, ದಿನಕ್ಕೆ 4 ಲೀಟರ್ ಕುಡಿಸಿ ಅಂದಿದ್ದಾರೆ. ತಗೊಳ್ಳಬೇಕಾ, ಬೇಡವಾ?

ಬೇಡ. ನಾನು ಡಾಕ್ಟರ್ ಅಲ್ಲ, ಡಯಾಲಿಸಿಸ್ ಟೆಕ್ನಿಷಿಯನ್. ಕಿಡ್ನಿಯ ಕೆಲಸವನ್ನು ಮೆಷಿನ್ ಕೈಲಿ ಮಾಡಿಸೋದೇ ನನ್ನ ಹೊಟ್ಟೆಪಾಡು. ಹಾಗಾಗಿ ಈ ನೀರು, ಆಮ್ಲದ ಲೆಕ್ಕ ದಿನಾ ಕಣ್ಣೆದುರೇ ಇರುತ್ತದೆ.

ಅವರು ಲೋಟಕ್ಕೆ ಆಮ್ಲ-ಕ್ಷಾರ ತೋರಿಸುವ ದ್ರಾವಣ ಎರಡು ಹನಿ ಬಿಟ್ಟು, ನೀರು ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿರಬೇಕು ಅಲ್ವಾ? ಅದರಲ್ಲಿ ಮೋಸವಿಲ್ಲ, ಲೋಟದ ನೀರು ಕ್ಷಾರವೇ. ಆದರೆ ಕುಡಿದ ಮೇಲೆ ಅದು ಮೊದಲು ಬೀಳುವುದು ಹೊಟ್ಟೆಗೆ. ಅಲ್ಲಿನ ರಸದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 2ರ ಆಸುಪಾಸು. ಪಿಎಚ್ ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಏರಿತು ಅಂತ ಅರ್ಥ. ಬೇರೇನೂ ಬೆರೆಸದ, ಪಿಎಚ್ 9 ಇರುವ ಒಂದು ಲೀಟರ್ ನೀರಿನ ಕ್ಷಾರ ಅಳಿಸಲು ಅಂಥ ರಸ ಒಂದು ಎಂಎಲ್ ಸಾಕು. ಬೈಕಾರ್ಬನೇಟ್ ಅನ್ನೋ ಕ್ಷಾರ ಬೆರೆತಿದ್ದರೆ ಸ್ವಲ್ಪ ಜಾಸ್ತಿ ಬೇಕು, ಅಷ್ಟೇ. ಅದನ್ನೂ ದಾಟಿ ಒಂದಿಷ್ಟು ರಕ್ತಕ್ಕೆ ಸೇರಿತು ಅನ್ನಿ. ಕಿಡ್ನಿ ಅದನ್ನು ಮೂತ್ರಕ್ಕೆ ತಳ್ಳುತ್ತದೆ. ಆಗ ಮೂತ್ರ ಕ್ಷಾರವಾಗುತ್ತದೆ, ರಕ್ತ ಇದ್ದ ಹಾಗೇ ಇರುತ್ತದೆ.

ರಕ್ತದ ಪಿಎಚ್ 7.35ರಿಂದ 7.45ರ ನಡುವೆಯೇ ಇರಬೇಕು. ಅದನ್ನು ಕಾಯುವುದರಲ್ಲಿ ಮೊದಲ ಪಾಲು ಶ್ವಾಸಕೋಶದ್ದು. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗ್ಯಾಸ್ ಕರಗಿದ್ದಕ್ಕೇ ಅದಕ್ಕೆ ಆ ಚುರುಕು, ಆ ಹುಳಿ. ಗೋಲಿ ಒತ್ತಿ ಸುಮ್ನೆ ಇಟ್ಟರೆ ಗ್ಯಾಸ್ ಹೋಗಿ ಸಪ್ಪೆಯಾಗುತ್ತದೆ. ರಕ್ತದಲ್ಲೂ ಅದೇ ಇಂಗಾಲದ ಡೈಆಕ್ಸೈಡ್ ಕರಗಿ ಆಮ್ಲವಾಗುತ್ತದೆ, ನಾವು ಉಸಿರು ಬಿಟ್ಟಾಗೆಲ್ಲ ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತದೆ. ಉಸಿರು ಬಿಗಿಹಿಡಿದು ನೋಡಿ. ಇನ್ನು ಆಗಲ್ಲ ಅನ್ನಿಸುವುದು ಹೆಚ್ಚಾಗಿ ಆಮ್ಲಜನಕ ಮುಗಿದಿದ್ದಕ್ಕಲ್ಲ, ಈ ಗ್ಯಾಸ್ ಏರಿದ್ದಕ್ಕೆ.

ಆದರೆ ಬೇಳೆ, ಮೊಟ್ಟೆ, ಮಾಂಸ ಕರಗಿದಾಗ ಹುಟ್ಟುವ ಕೆಲವು ಆಮ್ಲಗಳು ಗ್ಯಾಸ್ ಆಗಿ ಹೋಗುವಂಥವಲ್ಲ. ಅವುಗಳಿಗೆ ಕಿಡ್ನಿಯೇ ಬೇಕು. ಕಿಡ್ನಿ ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಹೊರಗೆ ಬಿಡುವುದು ಒಂದೂವರೆ ಲೀಟರ್ ಅಷ್ಟೇ. ಸೋಸಿದ್ದರಲ್ಲಿರುವ ಬೈಕಾರ್ಬನೇಟನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಎಳೆದುಕೊಂಡು, ಆಮ್ಲವನ್ನು ಅಮೋನಿಯ ಜೊತೆ ಕಟ್ಟಿ ಆಚೆ ಕಳಿಸುತ್ತದೆ.

ಈ ಕೆಲಸ ನಿಂತರೆ ಏನಾಗುತ್ತದೆ ಅನ್ನೋದು ಸೋಮವಾರ ಬೆಳಿಗ್ಗೆ ನಮ್ಮ ಯೂನಿಟ್‌ನಲ್ಲಿ ಕಾಣುತ್ತದೆ. ಶುಕ್ರವಾರ ಡಯಾಲಿಸಿಸ್ ಆದವರಿಗೆ ನಡುವೆ ಎರಡು ದಿನ ಬಿಡುವು. ಒಬ್ಬರು ಅಜ್ಜ ತೂಕದ ಮೆಷಿನ್ ಹತ್ತಿದರೆ, ಹೋದ ಸಲಕ್ಕಿಂತ 4 ಕೆಜಿ ಜಾಸ್ತಿ. ಅಂದರೆ ಹೆಚ್ಚುಕಡಿಮೆ 4 ಲೀಟರ್ ನೀರು! ಕಾಲು ಒತ್ತಿದರೆ ಬೆರಳಿನ ಗುಂಡಿ ಹಾಗೇ ಉಳಿಯುತ್ತಿತ್ತು. ಉಸಿರು ದೊಡ್ಡದು, ಆಳದ್ದು. "ನೀರು ಮುಟ್ಟೇ ಇಲ್ಲ ಕಣಪ್ಪಾ, ಮದುವೆಮನೇಲಿ ಎರಡು ಲೋಟ ಸಾರು ಕುಡಿದೆ ಅಷ್ಟೇ" ಅಂದರು. ಅವರು ಮರೆತದ್ದು ಉಪ್ಪನ್ನು. ಡ್ರಿಪ್‌ನಲ್ಲಿ ಕೊಡುವ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ. ದೇಹದ್ದೂ ಸುಮಾರು ಅದೇ ಲೆಕ್ಕ. ಹೆಚ್ಚಾದ ಉಪ್ಪು ಬಾಯಾರಿಸಿ, ತನಗೆ ಬೇಕಾದಷ್ಟು ನೀರು ಕುಡಿಸಿಯೇ ತೀರುತ್ತದೆ. ಅವತ್ತು ಒಂದೇ ಸಲಕ್ಕೆ 4 ಲೀಟರ್ ಇಳಿಸಲಿಲ್ಲ. ಅಷ್ಟು ಅವಸರ ಮಾಡಿದರೆ ಬಿಪಿ ಬಿದ್ದುಹೋಗುತ್ತದೆ. ನಾಲ್ಕು ಗಂಟೆಯಲ್ಲಿ ಸುಮಾರು 120 ಲೀಟರ್ ದ್ರಾವಣ ಮೆಷಿನ್‌ನಲ್ಲಿ ಹರಿದು ಹೋಯಿತು. ಆ ದ್ರಾವಣದ ಬೈಕಾರ್ಬನೇಟ್ ಅಂದರೆ ನಾವು ಅಡುಗೆ ಸೋಡಾ ಅಂತೀವಲ್ಲ, ಅದೇ. ಮುಗಿಯುವ ಹೊತ್ತಿಗೆ ಅಜ್ಜನ ಉಸಿರು ಹದಕ್ಕೆ ಬಂದು, ಸಣ್ಣಗೆ ಗೊರಕೆ ಶುರುವಾಗಿತ್ತು.

ಇನ್ನು 4 ಲೀಟರ್ ವಿಷಯ. ಎಲ್ಲರಿಗೂ ಒಂದೇ ಅಳತೆ ಅಂತ ಇಲ್ಲ. ರಕ್ತ ಸ್ವಲ್ಪ ಗಟ್ಟಿಯಾದರೂ ಮೆದುಳಿಗೆ ಗೊತ್ತಾಗುತ್ತದೆ. ಬಾಯಾರಿಕೆ ಹುಟ್ಟುತ್ತದೆ. ಜೊತೆಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಒಂದು ಹಾರ್ಮೋನ್ ಇಳಿದು, ನೀರು ಬಿಡಬೇಡ ಅಂತ ಕಿಡ್ನಿಗೆ ಹೇಳುತ್ತದೆ. ಬೆಳಿಗ್ಗೆ ಎದ್ದಾಗ ಮೂತ್ರ ಹಳದಿ ಇರುವುದು ಅದಕ್ಕೇ. ಮೇಲಿಂದ ಮೇಲೆ ನೀರು ಕುಡಿದರೆ ಹಾರ್ಮೋನ್ ತಗ್ಗಿ, ಮೂತ್ರ ತಿಳಿಯಾಗುತ್ತದೆ. ಕಿಡ್ನಿ, ಹೃದಯ ಚೆನ್ನಾಗಿದ್ದವರಿಗೆ ಈ ಏರ್ಪಾಡೇ ಸಾಕು. ಕಿಡ್ನಿ ಕಲ್ಲಿದ್ದವರಿಗೆ ಡಾಕ್ಟರೇ ಜಾಸ್ತಿ ಕುಡಿಯಿರಿ ಅಂತಾರೆ. ಕಿಡ್ನಿ ಸೋತವರಿಗೆ, ಕಾಲು ಊದುವವರಿಗೆ 4 ಲೀಟರ್ ಅಪಾಯ.

ಅಮ್ಮನಿಗೆ ಶುಗರ್ ಇದೆ ಅಂದಿರಿ. ಆ ಮೆಷಿನ್ ದುಡ್ಡು ಉಳಿಸಿ, ವರ್ಷಕ್ಕೊಮ್ಮೆಯಾದರೂ ಕಿಡ್ನಿ ಹೇಗಿದೆ ಅಂತ ತಿಳಿಸುವ ಟೆಸ್ಟ್‌ಗಳನ್ನು, ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಎರಡೂ ಮಾಡಿಸಿ. ಕಿಡ್ನಿ ಸೋಲುತ್ತಿದ್ದರೂ ತುಂಬಾ ದಿನ ಏನೂ ಗೊತ್ತಾಗಲ್ಲ. ಮತ್ತೊಂದು ಮಾತು. ಶುಗರ್ ತುಂಬಾ ಏರಿ, ವಾಂತಿ, ಹೊಟ್ಟೆನೋವು ಬಂದು, ಅವರು ಆಳವಾಗಿ ಜೋರಾಗಿ ಉಸಿರಾಡುತ್ತಿದ್ದರೆ ರಕ್ತದಲ್ಲಿ ನಿಜವಾಗಿಯೂ ಆಮ್ಲ ಏರಿರಬಹುದು. ಆಗ ನಿಂಬೆನೀರು, ಸೋಡಾಪುಡಿ ಅಂತ ಕೂರಬೇಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ಹೊರಡಿ.