ಕಾಲಿಂದ ಚಪ್ಪಲಿ ಜಾರಿದ್ದೂ ಗೊತ್ತಾಗದಿದ್ದರೆ

ಪ್ರಶ್ನೆ: ನನ್ನ ತಂದೆಗೆ 62 ವರ್ಷ. 11 ವರ್ಷದಿಂದ ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಮೊನ್ನೆ ತೋಟದಿಂದ ಮನೆಗೆ ಬಂದಾಗ ಒಂದು ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ. ಎಲ್ಲಿ ಬಿಟ್ಟಿರಿ ಅಂದರೆ ಅವರಿಗೇ ಗೊತ್ತಿಲ್ಲ. ನೋವಿಲ್ಲ, ಉರಿಯಿಲ್ಲ, ನನಗೇನೂ ಆಗಿಲ್ಲ ಅನ್ನುತ್ತಾರೆ. ಒಂದು ಕ್ಯಾಂಪಿನಲ್ಲಿ ಕಾಲಿಗೆ ಮಷಿನ್ ಇಟ್ಟು 28 ವೋಲ್ಟ್ ಅಂತ ಬರೆದುಕೊಟ್ಟಿದ್ದಾರೆ. ಕಾಲಿಗೆ ಕರೆಂಟ್ ಕೊಟ್ಟು ನೋಡುತ್ತಾರಾ? ಪರಿಚಯದವರೊಬ್ಬರು ಎನ್‌ಸಿಎಸ್ ಮಾಡಿಸಿ ಅನ್ನುತ್ತಿದ್ದಾರೆ. ಯಾವುದು ಬೇಕು?
– ಓದುಗರು, ತಿಪಟೂರು

ಉತ್ತರ: ಚಪ್ಪಲಿಯ ವಿಷಯ ಬರೆದದ್ದು ತುಂಬಾ ಒಳ್ಳೆಯದಾಯಿತು. ನಾನು ಶುಗರ್ ಇರುವ ಪ್ರತಿಯೊಬ್ಬರನ್ನೂ ಕೇಳುವ ಪ್ರಶ್ನೆ ಅದೇ. ನಡೆಯುವಾಗ ಚಪ್ಪಲಿ ಕಳಚಿದ್ದು ಗೊತ್ತಾಗಲಿಲ್ಲ ಎಂದರೆ ಅಂಗಾಲಿನ ನರಗಳು ಸುದ್ದಿ ಕಳಿಸುವುದನ್ನು ನಿಲ್ಲಿಸುತ್ತಿವೆ ಎಂದೇ ಅನುಮಾನ ಪಡಬೇಕು. ನೋವಿಲ್ಲ ಎಂದು ನಿಮ್ಮ ತಂದೆ ಧೈರ್ಯವಾಗಿದ್ದಾರಲ್ಲ, ನನಗೆ ಭಯವಾಗುವುದೇ ಅದಕ್ಕೆ.

ಒಬ್ಬ ಬಸ್ ಕಂಡಕ್ಟರ್ ಬಿಪಿ ತೋರಿಸಲು ನನ್ನ ಹತ್ತಿರ ಬಂದಿದ್ದರು. ಶೂ ಬಿಚ್ಚಿ ಅಂದೆ. ಒಳಗಿಂದ ಸೋಡಾ ಬಾಟಲಿಯ ಮುಚ್ಚಳ ಉರುಳಿತು. ಅದರ ಹಲ್ಲುಗಳ ಗುರುತು ಅಂಗಾಲಿನ ಮೇಲೆ ದುಂಡಗೆ ಅಚ್ಚೊತ್ತಿತ್ತು, ಒಂದು ಕಡೆ ಚರ್ಮ ಕಿತ್ತು ಸಾಕ್ಸ್ ಒದ್ದೆಯಾಗಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಬಸ್ಸಿನಲ್ಲಿ ನಿಂತೇ ಇದ್ದವರು ಅವರು. "ಇದು ಯಾವಾಗ ಸೇರಿಕೊಂಡಿತು ಮೇಡಂ?" ಎಂದು ನನ್ನನ್ನೇ ಕೇಳಿದರು.

ಈಗ ನಿಮ್ಮ 28 ವೋಲ್ಟ್. ಆ ಮಷಿನ್ ಹೆಸರು ಬಯೋಥೀಸಿಯೋಮೀಟರ್. ದೇಹಕ್ಕೆ ಕರೆಂಟ್ ಬಿಡುವುದಿಲ್ಲ, ಹೆದರಬೇಡಿ. ಪೆನ್ನಿನಂಥ ಒಂದು ತುದಿ ಫೋನ್ ವೈಬ್ರೇಟ್ ಆದಂತೆ ನಡುಗುತ್ತದೆ. ಅದನ್ನು ಹೆಬ್ಬೆರಳಿಗೆ ಇಟ್ಟು ನಡುಕವನ್ನು ನಿಧಾನವಾಗಿ ಜಾಸ್ತಿ ಮಾಡುತ್ತಾರೆ, ಗೊತ್ತಾದ ತಕ್ಷಣ ಹೇಳಬೇಕು. ನಡುಕ ಎಷ್ಟಾದಾಗ ಗೊತ್ತಾಯಿತು ಎಂಬುದನ್ನು ವೋಲ್ಟ್ ಲೆಕ್ಕದಲ್ಲಿ ಬರೆಯುತ್ತಾರೆ, ಅಷ್ಟೇ. 25 ದಾಟಿದರೆ ಕಾಲಿನಲ್ಲಿ ಹುಣ್ಣಾಗುವ ಅಪಾಯ ಜಾಸ್ತಿ ಎಂದು ನಾವು ಪರಿಗಣಿಸುತ್ತೇವೆ. ಅಂದರೆ 28 ಕಡೆಗಣಿಸುವ ಸಂಖ್ಯೆ ಅಲ್ಲ. ಆದರೆ ಕ್ಯಾಂಪಿನ ಗಲಾಟೆಯಲ್ಲಿ ಒಂದು ಸಲ ನೋಡಿದ್ದನ್ನೇ ನಂಬಿ ಕೂರಬೇಡಿ, ಎರಡೂ ಕಾಲನ್ನು ಇನ್ನೊಮ್ಮೆ ಸಮಾಧಾನವಾಗಿ ಪರೀಕ್ಷೆ ಮಾಡಿಸಿ.

ಅದಕ್ಕೆ ದೊಡ್ಡ ಮಷಿನ್ ಇರಲೇಬೇಕು ಎಂದೇನಿಲ್ಲ. ಮಾನೋಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಇದೆ, ಮೀನು ಹಿಡಿಯುವ ಗಾಳದ ದಾರದ ಹಾಗೆ. ಚರ್ಮದ ಮೇಲೆ ನೇರವಾಗಿ ಒತ್ತಿದಾಗ ಸರಿಯಾಗಿ 10 ಗ್ರಾಂ ಬಲಕ್ಕೆ ಅದು ಬಾಗುತ್ತದೆ. ಮೊದಲು ಕೈಗೆ ತಾಗಿಸಿ, ಹೇಗಿರುತ್ತದೆ ಎಂದು ತೋರಿಸುತ್ತಾರೆ. ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳಿಗೆ, ಬೆರಳುಗಳ ಬುಡದಲ್ಲಿರುವ ದಿಂಡಿಗೆ ತಾಗಿಸುತ್ತಾರೆ. ಆಣಿ ಇರುವ ಜಾಗದಲ್ಲಿ ಒತ್ತಬಾರದು, ಅಲ್ಲಿ ಚೆನ್ನಾಗಿರುವವರಿಗೂ ಗೊತ್ತಾಗುವುದಿಲ್ಲ. "ಈಗ ಗೊತ್ತಾಯ್ತಾ, ಈಗ ಗೊತ್ತಾಯ್ತಾ" ಎಂದು ಪ್ರತಿಸಲ ಕೇಳುತ್ತಾ ಹೋದರೆ ನಮ್ಮ ಹಿರಿಯರು ಮರ್ಯಾದೆಗೆ ಹೂಂ ಹೂಂ ಅನ್ನುತ್ತಲೇ ಇರುತ್ತಾರೆ! ಅದಕ್ಕೇ ನಾನು ನಡುನಡುವೆ ತಾಗಿಸದೆಯೂ ಕೇಳುತ್ತೇನೆ. ಇದರ ಜೊತೆಗೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಅನ್ನು ಹೆಬ್ಬೆರಳಿನ ಮೂಳೆಯ ಮೇಲಿಟ್ಟು ನಡುಕ ನೋಡಬೇಕು, ಹಿಮ್ಮಡಿಯ ಹಿಂದೆ ಸುತ್ತಿಗೆಯಿಂದ ತಟ್ಟಬೇಕು, ಪಾದದ ನಾಡಿಯನ್ನೂ ಮುಟ್ಟಿ ನೋಡಬೇಕು. ಎಲ್ಲ ಸೇರಿ ಐದು–ಹತ್ತು ನಿಮಿಷದ ಕೆಲಸ. ವೈದ್ಯರು ತಾವಾಗಿ ನೋಡದಿದ್ದರೆ ಸಂಕೋಚ ಬೇಡ, ಒಳಗೆ ಹೋದ ಕೂಡಲೇ ತಂದೆಯ ಚಪ್ಪಲಿ ಬಿಚ್ಚಿಸಿ ಕೂರಿಸಿ.

ಎನ್‌ಸಿಎಸ್ ಎಂದರೆ ನರಗಳಲ್ಲಿ ಸಂಕೇತ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಅಳೆಯುವ ಪರೀಕ್ಷೆ. ಹೆಚ್ಚಿನವರಿಗೆ ಅದು ಬೇಡ. ಒಂದೇ ಕಾಲಿಗೆ ತೊಂದರೆ, ಕಾಲಿಗಿಂತ ಮೊದಲು ಕೈಗೆ ಜೋಮು, ಬೇಗ ಬೇಗ ಶಕ್ತಿ ಕುಂದುವುದು ಇಂಥದ್ದಿದ್ದರೆ ಮಾತ್ರ ನರರೋಗ ತಜ್ಞರು ಬರೆಯುತ್ತಾರೆ. ಅದಕ್ಕಿಂತ ಮೊದಲು ವಿಟಮಿನ್ ಬಿ12 ನೋಡಿಸಿ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರಲ್ಲಿ ಬಿ12 ಕಡಿಮೆಯಾಗಬಹುದು, ಅದರಿಂದಲೂ ಕಾಲು ಮರಗಟ್ಟುತ್ತದೆ, ಮತ್ತು ಅದಕ್ಕೆ ಔಷಧಿ ಇದೆ. ಶುಗರ್‌ನಿಂದ ಹೋದ ಸ್ಪರ್ಶ ಮಾತ್ರ ಪೂರ್ತಿ ವಾಪಸ್ ಬರುವುದು ಕಷ್ಟ. ಇನ್ನೂ ಹೆಚ್ಚಾಗದಂತೆ ತಡೆಯಲು ಶುಗರ್ ಹತೋಟಿಯಲ್ಲಿರಬೇಕು.

ಇವತ್ತೇ ಮನೆಯಲ್ಲಿ ಒಂದು ಕೆಲಸ ಮಾಡಿ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ಹೇಳಿಕೊಟ್ಟ ಪರೀಕ್ಷೆ ಇದು. ತಂದೆ ಕಾಲು ಚಾಚಿ ಮಲಗಿ ಕಣ್ಣು ಮುಚ್ಚಲಿ. ನಿಮ್ಮ ತೋರುಬೆರಳ ತುದಿಯಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಕಚಗುಳಿ ಇಡಬೇಡಿ, ಒಂದು ಬೆರಳನ್ನು ಎರಡನೇ ಸಲ ಮುಟ್ಟಬೇಡಿ. ಮುಟ್ಟಿದಾಗ "ಎಡ", "ಬಲ" ಎಂದು ಅವರೇ ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶ ಕುಂದಿದೆ ಎಂದರ್ಥ.

ತೋಟಕ್ಕೆ ಹವಾಯಿ ಚಪ್ಪಲಿ ಹಾಕುವುದನ್ನು ಬಿಡಿಸಿ. ಹಿಂದೆ ಪಟ್ಟಿ ಇರುವ, ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಅಟ್ಟೆಯ ಚಪ್ಪಲಿ ಕೊಡಿಸಿ. ಇದು ನಮ್ಮಲ್ಲಿ ಕುಷ್ಠರೋಗಿಗಳ ಮರಗಟ್ಟಿದ ಪಾದಗಳಿಗೂ ಕೊಡುವ ಚಪ್ಪಲಿ. ವೆಲ್ಲೂರಿನಲ್ಲಿ ಅವರ ನಡುವೆ ದುಡಿದ ಡಾ. ಪಾಲ್ ಬ್ರಾಂಡ್ ಒಂದು ಮಾತು ತೋರಿಸಿಕೊಟ್ಟರು: ಮಾಂಸ ತಾನಾಗಿ ಕೊಳೆಯುವುದಿಲ್ಲ, ನೋವು ಗೊತ್ತಾಗದೆ ಆಗುವ ಗಾಯಗಳೇ ಪಾದವನ್ನು ತಿನ್ನುತ್ತವೆ. ಶುಗರ್ ಕಾಲಿಗೂ ಅದೇ ಮಾತು. ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡ. ಸ್ನಾನದ ನೀರಿನ ಬಿಸಿಯನ್ನು ಕಾಲಿಂದ ನೋಡಬಾರದು, ಅಮ್ಮ ಕೈ ಇಟ್ಟು ನೋಡಲಿ. ರಾತ್ರಿ ಮಲಗುವ ಮುಂಚೆ ಅಂಗಾಲನ್ನು ನೀವೋ ಅಮ್ಮನೋ ಒಮ್ಮೆ ನೋಡಿ.

ಪ್ರಶ್ನೆ: ನನಗೆ 38. ಹೋದ ತಿಂಗಳಷ್ಟೇ ಶುಗರ್ ಗೊತ್ತಾಯಿತು. ಕಾಲಿನ ಪರೀಕ್ಷೆ ಈಗಲೇ ಯಾಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಟೈಪ್ 2 ಆದರೆ ಈಗಲೇ ಬೇಕು. ನಿಮಗೆ ಗೊತ್ತಾಗಿದ್ದು ಹೋದ ತಿಂಗಳು, ಕಾಯಿಲೆ ಶುರುವಾಗಿ ಎಷ್ಟು ವರ್ಷವಾಯಿತೋ ಯಾರಿಗೆ ಗೊತ್ತು? ಟೈಪ್ 1 ಇರುವವರು ಐದು ವರ್ಷದ ನಂತರ ಶುರು ಮಾಡಬಹುದು. ಆಮೇಲೆ ಇಬ್ಬರಿಗೂ ವರ್ಷಕ್ಕೊಮ್ಮೆ.

ಪ್ರಶ್ನೆ: ರಾತ್ರಿ ಪಾದ ಉರಿಯುತ್ತದೆ, ಹೊದಿಕೆ ತಾಗಿದರೂ ಸಹಿಸಲಾಗದು. ಆದರೆ ನೈಲಾನ್ ಎಳೆಯ ಪರೀಕ್ಷೆ ನಾರ್ಮಲ್ ಬಂತು. ಮನೆಯವರು ಸುಮ್ನೆ ಹೇಳುತ್ತೀಯ ಅನ್ನುತ್ತಾರೆ.
– ಓದುಗರು, ಉಡುಪಿ

ಉತ್ತರ: ನೀವು ಸುಮ್ನೆ ಹೇಳುತ್ತಿಲ್ಲ. ನೈಲಾನ್ ಎಳೆ ದಪ್ಪ ನರಗಳನ್ನು ಪರೀಕ್ಷಿಸುತ್ತದೆ. ಉರಿ, ಚುಚ್ಚು, ಬಿಸಿ, ತಂಪು ಇವೆಲ್ಲ ಸಣ್ಣ ನರಗಳ ಕೆಲಸ, ಎಷ್ಟೋ ಸಲ ಮೊದಲು ಕೆಡುವುದೂ ಅವೇ. ಎನ್‌ಸಿಎಸ್ ಕೂಡ ಅವನ್ನು ಹಿಡಿಯುವುದಿಲ್ಲ. ಸೂಜಿಯ ಚುಚ್ಚು, ಬಿಸಿ–ತಂಪು ಗೊತ್ತಾಗುತ್ತದಾ ಎಂದು ನೋಡಲು ವೈದ್ಯರನ್ನು ಕೇಳಿ. ಉರಿ ಕಡಿಮೆ ಮಾಡುವ ಮಾತ್ರೆಗಳಿವೆ. ಸರಿಯಾದ ಮಾತ್ರೆ, ಸರಿಯಾದ ಡೋಸ್ ಹೊಂದಲು ಕೆಲವು ವಾರ ಹಿಡಿಯಬಹುದು. ಈ ಉತ್ತರವನ್ನು ಮನೆಯವರಿಗೂ ಓದಿಸಿ.