ಟೆಕ್ಸ್ಚರ್ ಇಳಿಸಬೇಡಿ, ಹುಲ್ಲು ಕತ್ತರಿಸಿ

ಪ್ರಶ್ನೆ: 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್ ಇದೆ. ಜಿಟಿಎ 5 ಆಟದ ಹಳೆಯ ಲೆಗಸಿ ಆವೃತ್ತಿಯನ್ನು 1080ಪಿಯಲ್ಲಿ (1920×1080 ಚುಕ್ಕೆ) ಆಡುತ್ತೇನೆ. ನಗರದೊಳಗೆ ಪರವಾಗಿಲ್ಲ, ಬೆಟ್ಟದ ಕಡೆ ಹೋದರೆ 60 ಇದ್ದ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 35ಕ್ಕೆ ಕುಸಿಯುತ್ತದೆ. ಎಲ್ಲ ಸೆಟ್ಟಿಂಗನ್ನೂ ನಾರ್ಮಲ್‌ಗೆ ತಂದರೆ ಆಟವೇ ಮಸುಕು. ದಾರಿ ಏನು?
– ಓದುಗರು, ದಾವಣಗೆರೆ

ಉತ್ತರ: ಎಲ್ಲವನ್ನೂ ಒಟ್ಟಿಗೆ ಇಳಿಸಿದ್ದೇ ಎಡವಟ್ಟು. ಬೆಟ್ಟದಲ್ಲಿ ಮಾತ್ರ ಬೀಳುತ್ತಿದೆ ಎಂದರೆ ಮೊದಲು ಹಿಡಿಯಬೇಕಾದ ಕಳ್ಳ ಹುಲ್ಲು. ಗರಿಕೆಯ ಮೇಲೆ ಗರಿಕೆ ಬಂದಾಗ ಪರದೆಯ ಒಂದೇ ಚುಕ್ಕೆಯನ್ನು ಕಾರ್ಡ್ ಹಲವು ಸಲ ಬಿಡಿಸಬೇಕಾಗುತ್ತದೆ. ಗ್ರಾಸ್ ಕ್ವಾಲಿಟಿ ಅಲ್ಟ್ರಾ ಅಥವಾ ವೆರಿ ಹೈ ಇದ್ದರೆ ಹೈಗೆ ತನ್ನಿ, ಸಾಲದಿದ್ದರೆ ನಾರ್ಮಲ್.

ಎರಡನೆಯದು ಎಂಎಸ್‌ಎಎ, ಅಂದರೆ ವಸ್ತುಗಳ ಅಂಚಿನ ಮೆಟ್ಟಿಲುಗಳನ್ನು ನಯಗೊಳಿಸುವ ಆಯ್ಕೆ. ಅದನ್ನೂ ರಿಫ್ಲೆಕ್ಷನ್ ಎಂಎಸ್‌ಎಎಯನ್ನೂ ಪೂರ್ತಿ ಆಫ್ ಮಾಡಿ, ಅದೇ ಕೆಲಸವನ್ನು ಕಡಿಮೆ ಹೊರೆಯಲ್ಲಿ ಮಾಡುವ ಎಫ್‌ಎಕ್ಸ್‌ಎಎ ಆನ್ ಇಡಿ. ಅಂಚುಗಳು ಸ್ವಲ್ಪ ಮೆದುವಾಗುತ್ತವೆ, ಅಷ್ಟೇ. ಶ್ಯಾಡೋ ಕ್ವಾಲಿಟಿ ಹೈ, ಸಾಫ್ಟ್ ಶ್ಯಾಡೋಸ್‌ನಲ್ಲಿ 'ಸಾಫ್ಟ್' ಸಾಕು. ಅಲ್ಲಿರುವ ಎನ್‌ವಿಡಿಯಾ ಪಿಸಿಎಸ್‌ಎಸ್ ಎಂಬ ನೆರಳಿನ ಆಯ್ಕೆ ಈ ಕಾರ್ಡಿಗೆ ಹೊರೆ. ಅಡ್ವಾನ್ಸ್ಡ್ ಗ್ರಾಫಿಕ್ಸ್ ಪುಟದಲ್ಲಿ ಲಾಂಗ್ ಶ್ಯಾಡೋಸ್ ಆಫ್, ದೂರದ ವಿವರ ಹೆಚ್ಚಿಸುವ ಎಕ್ಸ್‌ಟೆಂಡೆಡ್ ಡಿಸ್ಟೆನ್ಸ್ ಸ್ಕೇಲಿಂಗ್ ಸೊನ್ನೆ.

ಇನ್ನು ಮಸುಕಿನ ವಿಚಾರ. ಟೆಕ್ಸ್ಚರ್ ಎಂದರೆ ಗೋಡೆ, ರಸ್ತೆ, ಬಟ್ಟೆಗೆ ಅಂಟಿಸುವ ಚಿತ್ರ. ಅದು ಕಾರ್ಡಿನ ಮೆಮೊರಿಯೊಳಗೆ ಹಿಡಿಸುವವರೆಗೂ ಎಫ್‌ಪಿಎಸ್‌ಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಹಾಗಾಗಿ ವೆರಿ ಹೈ ಮಾಡಿ, ಜೊತೆಗೆ ಅನಿಸೊಟ್ರಾಪಿಕ್ ಫಿಲ್ಟರಿಂಗ್ 16ಕ್ಕೆ ಏರಿಸಿ. ದೂರದ ರಸ್ತೆಯ ಗೆರೆಗಳು ಆಗ ಚೂಪಾಗುತ್ತವೆ, ಖರ್ಚು ನಗಣ್ಯ. ಸೆಟ್ಟಿಂಗ್ಸ್ ಪುಟದ ಮೇಲ್ಭಾಗದ ವಿಡಿಯೊ ಮೆಮೊರಿ ಪಟ್ಟಿಯ ಮೇಲೆ ಮಾತ್ರ ಕಣ್ಣಿರಲಿ. ಬ್ರೌಸರ್‌ಗೂ ವಿಂಡೋಸ್‌ಗೂ ಪಾಲು ಬೇಕು, ಸುಮಾರು 500 ಎಂಬಿ ಖಾಲಿ ಬಿಡಿ. ಮೆಮೊರಿ ತುಂಬಿ ಚೆಲ್ಲಿದರೆ ಕಾರ್ಡ್ ಸಿಸ್ಟಂ ರ‍್ಯಾಮ್‌ಗೆ ಓಡುತ್ತದೆ. ತನ್ನ ಮೆಮೊರಿಯಿಂದ ಸೆಕೆಂಡಿಗೆ 112 ಜಿಬಿ ಓದುವ ಕಾರ್ಡಿಗೆ ಆ ದಾರಿಯಲ್ಲಿ ಸಿಗುವುದು ಹೆಚ್ಚೆಂದರೆ 16 ಜಿಬಿ. ಕಾರು ತಿರುಗಿಸಿದಾಗ ಚಿತ್ರ ಗಕ್ಕನೆ ನಿಂತು ಹೊರಡುವುದು ಇದರಿಂದಲೇ.

ಒಂದೊಂದೇ ಬದಲಾಯಿಸಿ, ಪ್ರತಿಸಲ ಆಟದೊಳಗಿನ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಓಡಿಸಿ ನೋಡಿ. ಗ್ರಾಫಿಕ್ಸ್ ಪುಟದಲ್ಲಿ ಟ್ಯಾಬ್ ಒತ್ತಿದರೆ ಅದು ಶುರುವಾಗುತ್ತದೆ.

ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟವನ್ನೂ ಒಮ್ಮೆ ತೆರೆಯಿರಿ. ಒಂದೇ ಸ್ಲಾಟ್ ಬಳಕೆಯಲ್ಲಿದೆ ಎಂದಿದ್ದರೆ ಅದೇ ವೇಗದ ಇನ್ನೊಂದು 8 ಜಿಬಿ ಕಡ್ಡಿ ಹಾಕಿ. ಡಿಡಿಆರ್4-2400 ಆದರೆ ಸೆಕೆಂಡಿಗೆ 19.2 ಜಿಬಿ ಇದ್ದದ್ದು 38.4 ಆಗುತ್ತದೆ. ಮುಂದೆ ನಗರದ ದಟ್ಟಣೆಯಲ್ಲಿ ಎಳೆದಾಟ ಕಂಡರೆ ಅದಕ್ಕೂ ಇದು ನೆರವಾಗುತ್ತದೆ.

ಪ್ರಶ್ನೆ: ನನ್ನದೂ ಗೆಳೆಯನದೂ ಜಿಟಿ 1030 ಕಾರ್ಡ್. ಒಂದೇ ಆಟ, ಒಂದೇ ಸೆಟ್ಟಿಂಗ್. ಅವನಿಗೆ ಹೆಚ್ಚುಕಡಿಮೆ ದುಪ್ಪಟ್ಟು ಎಫ್‌ಪಿಎಸ್. ಕಾರ್ಡ್ ಕೆಟ್ಟಿದೆಯೇ?
– ಓದುಗರು, ಹಾಸನ

ಉತ್ತರ: ಕೆಟ್ಟಿಲ್ಲ, ಹೆಸರು ಒಂದೇ, ಕಾರ್ಡ್ ಬೇರೆ ಇರಬೇಕು. 2017ರಲ್ಲಿ ಬಂದದ್ದರಲ್ಲಿ ಜಿಡಿಡಿಆರ್5 ಮೆಮೊರಿ, ವೇಗ ಸೆಕೆಂಡಿಗೆ 48 ಜಿಬಿ. 2018ರಲ್ಲಿ ಅದೇ ಹೆಸರಿಟ್ಟು ಡಿಡಿಆರ್4 ಹಾಕಿ ಮಾರಿದರು, ವೇಗ 16.8 ಜಿಬಿ. ಹೆಸರಿಡುವವರ ಧೈರ್ಯ ಮೆಚ್ಚಬೇಕು! ಜಿಪಿಯು-ಝಡ್ ತಂತ್ರಾಂಶದಲ್ಲಿ ಮೆಮೊರಿ ಟೈಪ್ ನೋಡಿ. ಡಿಡಿಆರ್4 ಬಂದರೆ 720ಪಿಗೆ (1280×720 ಚುಕ್ಕೆ) ಇಳಿಯಿರಿ. 1080ಪಿಯ ಶೇ 44ರಷ್ಟೇ ಚುಕ್ಕೆಗಳು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮುಂಚೆಯೇ ಇದನ್ನು ನೋಡಿಕೊಳ್ಳಲಿ.

ಪ್ರಶ್ನೆ: 1050 ಟಿಐಯಲ್ಲಿ ಹೊಸ ಆಟಗಳು 40ರಿಂದ 52 ಎಫ್‌ಪಿಎಸ್ ಕೊಡುತ್ತವೆ, ಆದರೂ ಜರ್ಕ್ ಜರ್ಕ್. ಮಾನಿಟರ್ 60 ಹರ್ಟ್ಸ್, ವಿ-ಸಿಂಕ್ (ಚಿತ್ರವನ್ನು ಪರದೆಯ ಸರದಿಗೆ ಹೊಂದಿಸುವ ಆಯ್ಕೆ) ಆನ್. ಎಫ್‌ಎಸ್‌ಆರ್ (ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ದೊಡ್ಡದು ಮಾಡುವ ತಂತ್ರ) ಬಳಸಬಹುದೇ?
– ಓದುಗರು, ಪುಣೆ

ಉತ್ತರ: 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತದೆ. ನಿಮ್ಮ ಕಾರ್ಡ್ 45 ಎಫ್‌ಪಿಎಸ್ ಕೊಟ್ಟರೆ ಕೆಲವು ಚಿತ್ರ ಒಂದು ಸರದಿ ನಿಲ್ಲುತ್ತವೆ, ಕೆಲವು ಎರಡು. ಕಣ್ಣಿಗೆ ಕುಂಟುವಂತೆ ಕಾಣುವುದು ಇದೇ. ಒಂದೋ ಸೆಟ್ಟಿಂಗ್ ಇಳಿಸಿ 60 ಮುಟ್ಟಿಸಿ, ಇಲ್ಲವೇ 30ಕ್ಕೆ ಕಟ್ಟಿಹಾಕಿ. 30 ಸಮನಾಗಿ ಓಡುತ್ತದೆ, ಮೌಸ್ ಮಾತ್ರ ಭಾರವೆನಿಸುತ್ತದೆ. ಶೂಟಿಂಗ್ ಆಟಕ್ಕೆ ಬೇಡ.

ಎಫ್‌ಎಸ್‌ಆರ್ 2 ನಿಮ್ಮ ಕಾರ್ಡಿನಲ್ಲೂ ಓಡುತ್ತದೆ, ಇಂಥದೇ ಕೆಲಸದ ಎನ್‌ವಿಡಿಯಾ ಡಿಎಲ್‌ಎಸ್‌ಎಸ್‌ನಂತೆ ಆರ್‌ಟಿಎಕ್ಸ್ ಕಾರ್ಡ್ ಬೇಕಿಲ್ಲ. ಅದರ ಕ್ವಾಲಿಟಿ ಆಯ್ಕೆ 1080ಪಿಯಲ್ಲಿ ಒಳಗೆ 1280×720ರಲ್ಲಿ ಬಿಡಿಸಿ ದೊಡ್ಡದು ಮಾಡುತ್ತದೆ. ಪರ್ಫಾರ್ಮೆನ್ಸ್ ಆಯ್ಕೆಯಲ್ಲಿ ಅದು 960×540ಕ್ಕೆ ಇಳಿದು ಕರೆಂಟ್ ತಂತಿ, ಎಲೆಗಳು ಮಿಣಮಿಣ ಅನ್ನುತ್ತವೆ, ಅತ್ತ ಹೋಗಬೇಡಿ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕಹಾಕಿ ಚಿತ್ರ ಬಿಡಿಸುವ ವಿಧಾನ) ಕಡ್ಡಾಯವಿರುವ ಆಟಗಳನ್ನು ಕೊಳ್ಳಲೇಬೇಡಿ, ಯಾವ ಸೆಟ್ಟಿಂಗ್‌ಗೂ ಅವು ಬಗ್ಗುವುದಿಲ್ಲ.

ಪ್ರಶ್ನೆ: ಆಟ ಶುರುವಾದ 20 ನಿಮಿಷಕ್ಕೆ ಎಫ್‌ಪಿಎಸ್ ಇಳಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಜಾಸ್ತಿ.
– ಓದುಗರು, ರಾಯಚೂರು

ಉತ್ತರ: ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಉಷ್ಣಾಂಶ, ಕ್ಲಾಕ್ (ಕಾರ್ಡಿನ ಚಿಪ್ ಓಡುವ ವೇಗ), ಜಿಪಿಯು (ಆ ಚಿಪ್) ಬಳಕೆ ಮೂರನ್ನೂ ಪರದೆ ಮೇಲೆ ತನ್ನಿ. ಉಷ್ಣಾಂಶ 80 ಡಿಗ್ರಿ ದಾಟುತ್ತಿದ್ದಂತೆ ಕ್ಲಾಕ್ ಇಳಿದರೆ ಕಾರಣ ಬಿಸಿ. ಉಷ್ಣಾಂಶ ಸರಿಯಿದ್ದು ಬಳಕೆ ಶೇ 60ಕ್ಕೆ ಬಿದ್ದರೆ ಕಾರ್ಡ್ ಸುಮ್ಮನೆ ಕೂತಿದೆ, ಪ್ರೊಸೆಸರ್ ಹಿಂದೆ ಬಿದ್ದಿದೆ. ಬಿಸಿಯಾದರೆ ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಬ್ಲೋವರ್ ಹಿಡಿಯಿರಿ. ಬಿಟ್ಟರೆ ಅದು ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಐದಾರು ವರ್ಷ ಹಳೆಯದಾದರೆ ಹೀಟ್‌ಸಿಂಕ್ (ಚಿಪ್‌ನ ಬಿಸಿ ಹೊರಹಾಕುವ ಲೋಹದ ಭಾಗ) ಬಿಚ್ಚಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ, ಹೊಸದನ್ನು ಕಡಲೆಕಾಳಿಗಿಂತ ಚಿಕ್ಕ ತೊಟ್ಟಿನಷ್ಟು ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ.